ಈರುಳ್ಳಿ ಕೇಕ್ ಅಂದ್ರೆ ವೆಜ್ ಅನ್ಕೊಂಡು ನಮ್ ಥರ ಪೇಚಿಗೆ ಸಿಗ್ಬೇಡಿ

ಜರ್ಮನಿಗೆ ಹೊಸದಾಗಿ ಬಂದಿರೋ ನಮ್ಮೋರಿಗೆ, ಅದ್ರಲ್ಲೂ ಸಸ್ಯಾಹಾರಿಗಳಿಗೆ ಇದು. ಹೋದ ಅಕ್ಟೋಬರಲ್ಲಿ ಫ್ರಾಂಕ್‌ಫರ್ಟಿಂದ ನಾವು ಐದು ಜನ ಎಸ್8 ಟ್ರೈನ್ ಹತ್ತಿ ಮೈನ್ಜ್‌ಗೆ ಹೋಗಿದ್ವಿ. ಹಳೇ ಊರಿನ ಗಲ್ಲಿಯಲ್ಲಿ ಒಂದು ಪುಟ್ಟ ವೈನ್‌ಶ್ಟೂಬ (ವೈನು, ಜೊತೆಗೆ ತಿನ್ನೋಕೆ ಸಿಗೋ ಹೋಟ್ಲು), ಹೆಸ್ರು ಬೇಡ ಬಿಡಿ, ತಪ್ಪು ಅರ್ಧ ನಮ್ದೇ. ಮರದ ಗೋಡೆ, ಮೇಜಿನ ಮೇಲೆ ಮೇಣದಬತ್ತಿ, ಒಳಗೆ ಬೆಚ್ಚಗಿತ್ತು. ಬೇರೆ ಜಾಗ ಇಲ್ಲ ಅಂದ್ರೆ ಗುರುತಿಲ್ದೋರೂ ಕೇಳ್ಕೊಂಡು ನಮ್ ಮೇಜಿಗೇ ಬಂದು ಕೂರ್ತಾರೆ, ಅಲ್ಲಿ ಅದು ಮಾಮೂಲಿ. ನಮ್ ಪಕ್ಕ ಒಬ್ಬ ಅಜ್ಜ, ಅಜ್ಜಿ ಕೂತ್ರು.

ಎಲ್ಲಾ ಮಧ್ಯಕ್ಕಿಟ್ಟು ಹಂಚ್ಕೊಂಡು ತಿನ್ನೋಣ ಅಂತ ಶ್ಪುಂಡೆಕೇಸ್ (ಮೊಸರಿನ ಥರದ ಚೀಸು, ಬ್ರೆಟ್ಸೆಲ್ ಅಂದ್ರೆ ಪ್ರೆಟ್ಜೆಲ್ ಅದ್ಕೊಂಡು ತಿನ್ನೋದು, ಸಖತ್ತಾಗಿರುತ್ತೆ), ಫೆಡರ್‌ವೈಸರ್ ಅನ್ನೋ ಹೊಸ ವೈನು, ಮತ್ತೆ ತ್ಸ್ವೀಬೆಲ್‌ಕೂಖನ್ ಹೇಳಿದ್ವಿ. ತ್ಸ್ವೀಬೆಲ್ ಅಂದ್ರೆ ಈರುಳ್ಳಿ, ಕೂಖನ್ ಅಂದ್ರೆ ಕೇಕು, ಇಷ್ಟು ಜರ್ಮನ್ ಬರುತ್ತಲ್ಲ ಅನ್ನೋ ಧಿಮಾಕು ನಮಗೆ! ನಮ್ ಜೊತೆಗಿದ್ದ ಒಬ್ಬ ಮೊಟ್ಟೆ ತಿಂತಾನೆ, ಮಾಂಸ ಮುಟ್ಟಲ್ಲ. ಬಿಸಿಬಿಸಿ ಬಂತು, ಶಾಹಿ ಜೀರಿಗೆ ಘಮ, ಅರ್ಧ ತುಂಡು ಖಾಲಿ ಮಾಡ್ದ. ಮಧ್ಯೆ ಮಧ್ಯೆ ಕೆಂಪಗೆ ಸಣ್ಣ ಚೌಕದ ಚೂರುಗಳು, ಸೀದ ಈರುಳ್ಳಿ ಇರ್ಬೇಕು ಅನ್ಕೊಂಡಿದ್ವಿ, ಅಜ್ಜ ಫೋರ್ಕಲ್ಲಿ ತೋರಿಸಿ ನಗ್ತಾ ಅಂದ್ರು, "ಶ್ಪೆಕ್!" ಹಂದಿ ಮಾಂಸ ಕಣ್ರೀ. ಇವನ ಮುಖ ನೋಡ್ಬೇಕಿತ್ತು, ತಟ್ಟೆ ದೂರ ತಳ್ಳಿ ಐದು ನಿಮಿಷ ಮಾತೇ ಇಲ್ಲ. ಮೆನುಲಿ ಯಾಕೆ ಬರ್ದಿಲ್ಲ ಅಂತ ಕೇಳಿದ್ರೆ ಬಡಿಸೋ ಆಯಮ್ಮ ತ್ಸ್ವೀಬೆಲ್‌ಕೂಖನ್ ಅಂದ್ಮೇಲೆ ಶ್ಪೆಕ್ ಇದ್ದೇ ಇರುತ್ತಲ್ಲ ಅಂತ ನಮ್ಮನ್ನೇ ವಿಚಿತ್ರವಾಗಿ ನೋಡಿದ್ಲು. ಫ್ಲಾಮ್‌ಕೂಖನ್ (ತೆಳ್ಳಗಿನ ಪಿಜ್ಜಾ ಥರದ್ದು) ಕಥೆನೂ ಇದೇ. "ಓನೆ ಶ್ಪೆಕ್", ಅಂದ್ರೆ ಶ್ಪೆಕ್ ಇಲ್ದೆ, ಅಂತ ಮೊದ್ಲೇ ಕೇಳಿ, ಆದ್ರೆ ಈರುಳ್ಳಿ ಕೇಕು ದೊಡ್ಡ ಟ್ರೇಲಿ ಮೊದ್ಲೇ ಬೇಯಿಸಿಟ್ಟಿದ್ರೆ ಆಮೇಲೆ ತೆಗ್ದು ಕೊಡೋಕಾಗಲ್ಲ, ಬೇರೆ ಏನಾದ್ರೂ ತಗೊಳ್ಳಿ.

ಫೆಡರ್‌ವೈಸರ್ ಇನ್ನೂ ಹುಳಿಯೋದು ಮುಗಿದಿಲ್ದಿರೋ ಹೊಸ ವೈನು, ಸಿಹಿ, ಮಬ್ಬು ಮಬ್ಬು, ಜ್ಯೂಸ್ ಥರ ಇಳಿಯುತ್ತೆ. ಎದ್ದು ನಿಂತಾಗ್ಲೇ ಗೊತ್ತಾಗೋದು, ಮಾರನೇ ದಿನ ಹೊಟ್ಟೆದು ಬೇರೆ ರಗಳೆ.

ಬಿಲ್ 86 ಯೂರೋ 40 ಸೆಂಟು. ಕಾರ್ಡ್ ನಡೆಯಲ್ಲ ಅಂದ್ರು, ಒಬ್ಬ ಎಟಿಎಮ್‌ಗೆ ಓಡ್ದ. 50ರ ಎರಡು ನೋಟು ಕೊಟ್ಟು ನಾನು ಮರ್ಯಾದೆಗೆ "ಡಾಂಕೆ" ಅಂದೆ. ಆಕೆ ನಕ್ಕೊಂಡು ಹೋದೋಳು ಚಿಲ್ಲರೆ ತರ್ಲೇ ಇಲ್ಲ. ನೋಟು ಕೊಡ್ತಾ ಡಾಂಕೆ ಅಂದ್ರೆ ಉಳಿದಿದ್ದು ನೀವೇ ಇಟ್ಕೊಳ್ಳಿ ಅಂತ ಅರ್ಥ ಅಂತೆ! 13 ಯೂರೋ 60 ಸೆಂಟು ಟಿಪ್ಸು, ವಾಪಸ್ ಕೇಳೋಕೆ ನಾಚಿಕೆ. ಟಿಪ್ಸ್ ಸೇರ್ಸಿ ಎಷ್ಟು ತಗೋಬೇಕು ಅಂತ ಕೊಡುವಾಗ್ಲೇ ಹೇಳ್ಬೇಕಂತೆ, 92 ಅಂದಿದ್ರೆ ಸಾಕಿತ್ತು.

ಅವನಂತೂ ಈಗ ಬೇಕರಿಲಿ ಆಪಲ್ ಕೇಕ್ ಮುಂದೆ ನಿಂತ್ರೂ "ಓನೆ ಶ್ಪೆಕ್?" ಅಂತಾನೆ.