ಹಳೇ ಗಾಡಿ ಮೈಸೂರಲ್ಲಿ, ಮಗ ವಿದೇಶದಲ್ಲಿ: ಎಕ್ಸ್‌ಚೇಂಜ್, ಆ್ಯಪ್, ನೇರ ಮಾರಾಟದ ಹೋಲಿಕೆ

ಶೋರೂಮಿನವರು ಮೊದಲ ಫೋನಿನಲ್ಲೇ ಕೇಳುವ ಪ್ರಶ್ನೆ ಇದು: "ಹಳೇ ಗಾಡಿ ಕೊಟ್ಟು ಮೇಲೆ ಎಷ್ಟು ಹಾಕೋ ಯೋಚನೆ ಸರ್?" ಇದಕ್ಕೆ ಉತ್ತರ ಕೊಟ್ಟರೆ ಚೌಕಾಸಿ ಅರ್ಧ ಅಲ್ಲೇ ಮುಗಿಯಿತು. ಹಳೇ ಗಾಡಿಗೆ 30,000 ಜಾಸ್ತಿ ಕೊಟ್ಟ ಹಾಗೆ ತೋರಿಸಿ, ಹೊಸ ಗಾಡಿಯ ಡಿಸ್ಕೌಂಟಿನಲ್ಲಿ 20,000, ಇನ್ಶೂರೆನ್ಸಿನಲ್ಲಿ 10,000 ವಾಪಸ್ ಎಳೆದುಕೊಳ್ಳುವುದಕ್ಕೆ "ಮೇಲೆ ಹಾಕುವ ದುಡ್ಡು" ಅನ್ನುವ ಒಂದೇ ಅಂಕಿ ಸಾಕು. ಎದುರು ಕೂತವರು ಒಂದೊಂದು ಸಾಲನ್ನೂ ಬೆರಳಿಟ್ಟು ಕೇಳಬಹುದು. ವಿದೇಶದಿಂದ ಫೋನಿನಲ್ಲಿ ಮಾತಾಡುವವರಿಗೆ ಕೊನೆಯ ಮೊತ್ತ ಮಾತ್ರ ಕಿವಿಗೆ ಬೀಳುತ್ತದೆ. ಹಾಗಾಗಿ ಹೊಸ ಗಾಡಿಯ ಬೆಲೆ ಕಾಗದದ ಮೇಲೆ ಇತ್ಯರ್ಥವಾಗುವ ತನಕ ಹಳೆಯದರ ಮಾತು ಎತ್ತಬೇಡಿ. ಕೇಳಿದರೆ "ಅದನ್ನು ಮನೆಯಲ್ಲಿ ಇನ್ನೂ ತೀರ್ಮಾನ ಮಾಡಿಲ್ಲ" ಅಂದರೆ ಆಯಿತು.

ಮೊದಲು ಕೊಟೇಷನ್ ಬಿಡಿಸಿಕೊಳ್ಳಿ

ಆನ್‌ರೋಡ್ ಬೆಲೆ ಅಂತ ಒಟ್ಟಾಗಿ ಬರೆದುಕೊಟ್ಟ ಕಾಗದ ಬೇಡ. ಎಕ್ಸ್-ಶೋರೂಮ್ ಬೆಲೆ, ಆಜೀವ ತೆರಿಗೆ, ಇನ್ಶೂರೆನ್ಸ್, ಫಾಸ್ಟ್ಯಾಗ್, ಎಕ್ಸ್‌ಟೆಂಡೆಡ್ ವಾರಂಟಿ, ಆಕ್ಸೆಸರೀಸ್, ಡಿಸ್ಕೌಂಟ್ ಎಲ್ಲ ಬೇರೆ ಬೇರೆ ಸಾಲಿನಲ್ಲಿರಬೇಕು. "ಹ್ಯಾಂಡ್ಲಿಂಗ್" ಅಥವಾ "ಲಾಜಿಸ್ಟಿಕ್ಸ್" ಅಂತ ಸಾಲು ಕಂಡರೆ ಹೊಡೆದುಹಾಕಿಸಿ. ಗಾಡಿಯನ್ನು ಸ್ಟಾಕ್‌ಯಾರ್ಡಿನಿಂದ ಶೋರೂಮಿಗೆ ತರುವ ಖರ್ಚು ಡೀಲರ್‌ನದು, ಕೊಳ್ಳುವವರದ್ದಲ್ಲ.

ತೆರಿಗೆಯ ಸಾಲನ್ನು ನೀವೇ ಗುಣಿಸಿ ನೋಡಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಅಂದರೆ 9,50,000ದ ಗಾಡಿಗೆ 1,47,630 ಆದರೆ, 10,20,000ದ ಗಾಡಿಗೆ 1,92,474. ಬೆಲೆಯಲ್ಲಿ 70,000 ವ್ಯತ್ಯಾಸ, ತೆರಿಗೆಯಲ್ಲೇ ಸುಮಾರು 45,000 ವ್ಯತ್ಯಾಸ. ಜೊತೆಗೆ 10 ಲಕ್ಷ ದಾಟಿದ ಗಾಡಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ, ಹಿಡಿಯುತ್ತಾರೆ. ಇದು ಕೊಂಡವರ ಪ್ಯಾನ್‌ಗೆ ಜಮಾ ಆಗುತ್ತದೆ, ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತದೆ. ತೆರಿಗೆ ಬೀಳದ ಪಿಂಚಣಿದಾರ ಅಪ್ಪನ ಹೆಸರಲ್ಲಿ ಗಾಡಿ ತೆಗೆದರೂ ಆ ವರ್ಷ ಅವರ ರಿಟರ್ನ್ಸ್ ಹಾಕಲೇಬೇಕು, ಇಲ್ಲದಿದ್ದರೆ ಆ ದುಡ್ಡು ಹೋದ ಹಾಗೆಯೇ. "ಇನ್ನು ಅರವತ್ತೇ ಸಾವಿರ ಹಾಕಿದ್ರೆ ಟಾಪ್ ಮಾಡೆಲ್ ಬರುತ್ತೆ" ಅನ್ನುವ ಮಾತು 10 ಲಕ್ಷದ ಗೆರೆಯ ಹತ್ತಿರ ಬಂದಾಗ ಈ ಲೆಕ್ಕ ನೆನಪಿರಲಿ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಉದ್ದ 4 ಮೀಟರ್ ಒಳಗಿರಬೇಕು, ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರಬಾರದು. ಅದಕ್ಕಿಂತ ದೊಡ್ಡದಕ್ಕೆ ಶೇ 40. ಹೊಸದರ ಬೆಲೆ ಇಳಿದರೆ ಹಳೇ ಗಾಡಿಯ ಬೆಲೆಯೂ ಇಳಿಯುತ್ತದೆ. ಅದಕ್ಕಿಂತ ಹಿಂದಿನ ರೇಟು ತಲೆಯಲ್ಲಿಟ್ಟುಕೊಂಡು ಹಳೆಯದಕ್ಕೆ ಕೂತರೆ ಯಾವ ದಾರಿಯಲ್ಲೂ ಸಿಗುವುದಿಲ್ಲ.

ಮೂರು ದಾರಿ, ಒಂದೇ ಗಾಡಿ

ಒಬ್ಬರೇ ಮಾಲೀಕರ, 60,000 ಕಿ.ಮೀ. ಓಡಿದ, 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಮೂರೂ ಕಡೆ ತೂಗಿದರೆ ಲೆಕ್ಕ ಹೇಗೆ ನಿಲ್ಲುತ್ತದೆ ಅನ್ನುವುದನ್ನು ದುಂಡು ಅಂಕಿಯಲ್ಲಿ ಇಡುತ್ತೇವೆ. ನಿಮ್ಮ ಗಾಡಿಯ ಅಂಕಿ ಬೇರೆ ಇರುತ್ತದೆ, ಲೆಕ್ಕದ ಕ್ರಮ ಇದೇ.

ಶೋರೂಮ್ ಎಕ್ಸ್‌ಚೇಂಜಿನಲ್ಲಿ ಗಾಡಿಗೆ 3,40,000, ಮೇಲೆ ಕಂಪನಿಯ ಎಕ್ಸ್‌ಚೇಂಜ್ ಬೋನಸ್ 30,000, ಒಟ್ಟು 3,70,000. ಹಳೇ ಗಾಡಿ ಕೊಳ್ಳುವ ಆ್ಯಪ್ ಕಂಪನಿಯ ಪರದೆಯ ಮೇಲೆ ಮೊದಲು ಕಾಣುವುದು 3,90,000, ಮನೆಗೆ ಬಂದು ಪರೀಕ್ಷೆ ಮಾಡಿದ ಮೇಲೆ 3,55,000. ನೇರ ಮಾರಾಟದಲ್ಲಿ ಹೇಳುವ ಬೆಲೆ 4,20,000, ಕುದುರುವುದು 3,95,000. ಸರ್ವಿಸ್, ಪಾಲಿಷ್, ಬ್ಯಾಟರಿ ಅಂತ 12,000 ಕಳೆದರೆ ಕೈಗೆ 3,83,000.

ಅಂದರೆ ಬೋನಸ್ ಸಿಕ್ಕರೆ ಎಕ್ಸ್‌ಚೇಂಜಿಗೂ ನೇರ ಮಾರಾಟಕ್ಕೂ ಇರುವ ಅಂತರ 13,000 ಮಾತ್ರ. ಅಷ್ಟಕ್ಕೆ ಅಪ್ಪ ಅಮ್ಮ ಮೂರು ನಾಲ್ಕು ವಾರ ಗುರುತಿಲ್ಲದವರಿಗೆಲ್ಲ ಬಾಗಿಲು ತೆಗೆದು, ಕೀ ಕೊಟ್ಟು, ಟೆಸ್ಟ್ ಡ್ರೈವಿಗೆ ಜೊತೆಗೆ ಹೋಗಬೇಕು ಅನ್ನುವುದು ನಮಗೆ ಒಪ್ಪುವ ಮಾತಲ್ಲ. ಬೋನಸ್ ಸಿಗದಿದ್ದರೆ ಅಂತರ 43,000 ಆಗುತ್ತದೆ, ಆಗ ಮಾತು ಬೇರೆ. ಹಾಗಾಗಿ ಬೋನಸ್ಸಿನ ಷರತ್ತು ಮೊದಲು ಓದಿ. ಸಾಮಾನ್ಯವಾಗಿ ಹಳೇ ಗಾಡಿ ಮತ್ತು ಹೊಸ ಗಾಡಿ ಒಂದೇ ಹೆಸರಲ್ಲಿರಬೇಕು, ಇಲ್ಲವೇ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳ ಹೆಸರಲ್ಲಿದ್ದು ಸಂಬಂಧದ ದಾಖಲೆ ಕೊಡಬೇಕು. ಚಿಕ್ಕಪ್ಪನ ಗಾಡಿ, ಭಾವನ ಗಾಡಿ ನಡೆಯುವುದಿಲ್ಲ. ಇನ್ನೊಂದು ಷರತ್ತು, ಹಳೇ ಗಾಡಿಯ ಆರ್‌ಸಿ ಇಂತಿಷ್ಟು ದಿನದೊಳಗೆ ಬೇರೆಯವರ ಹೆಸರಿಗೆ ಹೋಗಿರಬೇಕು. ಅದು ತಡವಾದರೆ ಕೆಲವು ಡೀಲರುಗಳು ಬೋನಸ್ ಮೊತ್ತವನ್ನು ನಿಮ್ಮಿಂದಲೇ ವಾಪಸ್ ಕೇಳುತ್ತಾರೆ. ಬೋನಸ್ ಬಿಲ್ಲಿನಲ್ಲೇ ಕಳೆದು ಬರುತ್ತದೋ ಆಮೇಲೆ ಖಾತೆಗೆ ಬರುತ್ತದೋ ಕೇಳಿ ಬರೆಸಿಕೊಳ್ಳಿ. ಬಿಲ್ಲಿನಲ್ಲೇ ಕಳೆಯುವುದು ಒಳ್ಳೆಯದು.

ಆ್ಯಪ್ ಕಂಪನಿಯ ಬೆಲೆ ಪರೀಕ್ಷೆಯ ಹೊತ್ತಿಗೆ ಕುಸಿಯುವುದಕ್ಕೆ ಕಾರಣಗಳಿವೆ. ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ಟಿಂಕರಿಂಗ್ ಆದ ಬಾಗಿಲು, ಬಾನೆಟ್ ಹಿಡಿಯುತ್ತಾರೆ. ಎರಡನೇ ಕೀ ಇಲ್ಲದಿದ್ದರೆ, ಟೈರ್ ಸವೆದಿದ್ದರೆ, ಇನ್ಶೂರೆನ್ಸ್ ಕ್ಲೈಮ್ ಇದ್ದರೆ ಒಂದೊಂದಕ್ಕೂ ಇಳಿಸುತ್ತಾರೆ. ಗಾಡಿಯ ಚೌಕಟ್ಟಿನ ಭಾಗಗಳಾದ ಪಿಲ್ಲರ್ ಅಥವಾ ಏಪ್ರನ್‌ಗೆ ಪೆಟ್ಟಾಗಿದ್ದರೆ ಬೇಡವೆಂದೇ ಹೋಗಬಹುದು. ಮಾರುವ ಮುಂಚೆ ಸಣ್ಣ ಗೀರಿಗೆ ಪೇಂಟ್ ಹೊಡೆಸುವುದು ನಷ್ಟದ ಕೆಲಸ. ಗೀರು ಕಂಡರೆ ಸಾವಿರ ಇಳಿಸುತ್ತಾರೆ, ಹೊಸ ಪೇಂಟ್ ಕಂಡರೆ ಅಪಘಾತ ಮುಚ್ಚಿದ್ದಾರೆ ಎಂಬ ಅನುಮಾನಕ್ಕೆ ಐದು ಸಾವಿರ ಇಳಿಸುತ್ತಾರೆ. ಒಳಗಡೆ ಚೆನ್ನಾಗಿ ತೊಳೆಸಿ, ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟರೆ ಸಾಕು. ಆ್ಯಪ್ ಬೆಲೆಯನ್ನು ಮಾರಾಟಕ್ಕಿಂತ ಹೆಚ್ಚಾಗಿ ತೂಕದ ಕಲ್ಲಿನ ಹಾಗೆ ಬಳಸಿ. ಪರೀಕ್ಷೆಯ ನಂತರದ ಬೆಲೆಯ ಸ್ಕ್ರೀನ್‌ಶಾಟ್ ಹಿಡಿದು ಶೋರೂಮಿನವರ ಮುಂದಿಟ್ಟರೆ 3,40,000 ಅನ್ನುವವರು ಒಂದಿಷ್ಟಾದರೂ ಮೇಲೆ ಬರುತ್ತಾರೆ. ಆ ಬೆಲೆಗೆ ಕೆಲವೇ ದಿನ ಆಯುಸ್ಸು, ಅಷ್ಟರಲ್ಲಿ ಬಳಸಿಕೊಳ್ಳಬೇಕು.

ದೂರ ಇರುವವರಿಗೆ ಮುಖ್ಯವಾದದ್ದು ಆರ್‌ಸಿ

ದುಡ್ಡಿನ ವ್ಯತ್ಯಾಸಕ್ಕಿಂತ ದೊಡ್ಡ ವಿಷಯ ಇದು. ಗಾಡಿ ಕೊಟ್ಟಾಗಿದೆ, ದುಡ್ಡು ಬಂದಾಗಿದೆ, ಆರ್‌ಸಿಯಲ್ಲಿ ಹೆಸರು ಹಾಗೇ ಉಳಿದಿದೆ ಅಂದರೆ, ನಾಳೆ ಆ ಗಾಡಿ ಅಪಘಾತ ಮಾಡಿದರೂ ನೋಟಿಸು ನಿಮ್ಮ ಅಪ್ಪನ ಮನೆಗೇ. ಕೈ ಬದಲಾದರೂ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನೇರ ಮಾರಾಟದಲ್ಲಿ ಫಾರಂ 29 ಮತ್ತು 30 ಹಾಕಿ ಹೆಸರು ಬದಲಾಯಿಸುವ ಕೆಲಸ ಕೊಂಡವರ ಮೇಲೆ ಬೀಳುತ್ತದೆ, ಅವರಿಗೆ ಅವಸರ ಇರುವುದಿಲ್ಲ. ಬೆಲೆಯ ಜೊತೆಗೆ 20,000ವನ್ನಾದರೂ ಹೆಸರು ಬದಲಾಗುವವರೆಗೆ ಠೇವಣಿಯಾಗಿ ಕೇಳಿ ಇಟ್ಟುಕೊಳ್ಳಿ. ಬ್ರೋಕರ್ ಕೈಗೆ ಖಾಲಿ ಫಾರಂಗಳ ಮೇಲೆ ಸಹಿ ಹಾಕಿ ಕೊಡುವ ರೂಢಿ ಮೈಸೂರು, ಮಂಡ್ಯ ಎರಡೂ ಕಡೆ ಇದೆ. ಅದನ್ನು ಮಾಡಬೇಡಿ. ಗಾಡಿ ನಾಲ್ಕು ಕೈ ದಾಟಿದರೂ ದಾಖಲೆ ನಿಮ್ಮಲ್ಲೇ ನಿಂತಿರುತ್ತದೆ. ಕೇರಳದಿಂದ ಬರುವ ಗಿರಾಕಿ ಒಳ್ಳೆಯ ಬೆಲೆ ಕೊಡಬಹುದು, ಆದರೆ ಅದಕ್ಕೆ ಇಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28ರ ಎನ್‌ಒಸಿ ಬೇಕು. ಅಲ್ಲಿ ಮರು ನೋಂದಣಿ ಆಗುವ ತನಕ ಗಾಡಿ ನಿಮ್ಮ ಹೆಸರಲ್ಲೇ. ದೂರದಲ್ಲಿ ಕೂತು ಇದನ್ನು ಬೆನ್ನುಹತ್ತುವುದು ಕಷ್ಟ.

ಶೋರೂಮ್ ಆಗಲಿ ಆ್ಯಪ್ ಆಗಲಿ, ಕೇಳಬೇಕಾದ ಪ್ರಶ್ನೆ ಒಂದೇ: "ನೀವು ಆರ್‌ಟಿಒದಲ್ಲಿ ಅಧಿಕೃತ ಹಳೇ ವಾಹನ ಡೀಲರಾ? ಫಾರಂ 29ಸಿ ಹಾಕ್ತೀರಾ?" 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಈ ಫಾರಂ ಮೂಲಕ ದಾಖಲಿಸಿದರೆ, ಅಲ್ಲಿಂದ ಮುಂದೆ ಮಾಲೀಕನ ಹೊಣೆ ಡೀಲರ್‌ನದು. ಹೌದು ಅಂದವರಿಗೆ ಐದು ಸಾವಿರ ಕಡಿಮೆಗೆ ಕೊಟ್ಟರೂ ಲಾಭವೇ. ಇಲ್ಲ ಅಂದರೆ ಗಾಡಿ ಒಪ್ಪಿಸಿದ ದಿನ, ಗಂಟೆ, ಕಿ.ಮೀ. ರೀಡಿಂಗ್ ಬರೆದು, ಸೀಲು ಹಾಕಿದ ಡೆಲಿವರಿ ಪತ್ರ ತೆಗೆದುಕೊಳ್ಳಿ.

ಮುಗಿದ ಸಾಲದ ಗುರುತು ಆರ್‌ಸಿಯಲ್ಲಿ ಉಳಿದಿರುವುದು ಎಲ್ಲರಿಗೂ ಎಡವುವ ಕಲ್ಲು. ಸಾಲ ತೀರಿ ಐದು ವರ್ಷವಾಗಿದ್ದರೂ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ತೆಗೆಸದಿದ್ದರೆ ಯಾವ ದಾರಿಯೂ ಮುಂದಕ್ಕೆ ಹೋಗುವುದಿಲ್ಲ. ಬ್ಯಾಂಕಿನ ಪತ್ರಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ, ಹಳೆಯದಾಗಿದ್ದರೆ ಹೊಸದು ತರಿಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಆಗಿದೆಯೇ ನೋಡಿ. ಟ್ರಾಫಿಕ್ ದಂಡ ಬಾಕಿ ತೀರಿಸಿ.

ಯಾರ ಹೆಸರಲ್ಲಿ?

ಓಡಿಸುವವರು ಅಪ್ಪ ಆಗಿದ್ದು, ಹಳೆಯದೂ ಅವರ ಹೆಸರಲ್ಲೇ ಇದ್ದರೆ ಹೊಸದನ್ನೂ ಅವರ ಹೆಸರಿಗೇ ತೆಗೆಯಿರಿ. ಕಾರಣ ಭಾವನೆಯದ್ದಲ್ಲ, ಎನ್‌ಸಿಬಿಯದ್ದು. ಕ್ಲೈಮ್ ಇಲ್ಲದ ವರ್ಷಗಳಿಗೆ ಸಿಗುವ ಈ ರಿಯಾಯಿತಿ ಶೇ 50ರವರೆಗೆ ಹೋಗುತ್ತದೆ, ಅದು ಗಾಡಿಯದ್ದಲ್ಲ, ಮಾಲೀಕರದ್ದು. ಹೊಸ ಗಾಡಿಯ ಸ್ವಂತ ಹಾನಿ ಪ್ರೀಮಿಯಂ 20,000 ಇದ್ದರೆ ಅದರಲ್ಲಿ 10,000 ಉಳಿಯುತ್ತದೆ. ಮಗನ ಹೆಸರಲ್ಲಿ ಹೊಸದು ತೆಗೆದರೆ ಅಪ್ಪನ ಎನ್‌ಸಿಬಿ ಅದಕ್ಕೆ ಬರುವುದಿಲ್ಲ. ಇಲ್ಲಿ ಕ್ರಮವೂ ಮುಖ್ಯ. ಹಳೇ ಪಾಲಿಸಿ ಇನ್ನೂ ಎನ್‌ಸಿಬಿ ಹಿಡಿದಿರುವಾಗ ಹೊಸದಕ್ಕೆ ಅದೇ ಸಿಗದು. ಹಳೆಯದನ್ನು ಒಪ್ಪಿಸಿದ ಪತ್ರ ತೋರಿಸಿ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ತರಿಸಬೇಕು, ಅದು ಮೂರು ವರ್ಷ ನಡೆಯುತ್ತದೆ. ಶೋರೂಮ್ ಎಕ್ಸ್‌ಚೇಂಜಿನಲ್ಲಿ ಇದು ಒಂದೇ ಮೇಜಿನ ಮೇಲೆ ಮುಗಿಯುವುದು ಆ ದಾರಿಯ ನಿಜವಾದ ಅನುಕೂಲ.

ಇನ್ನೊಂದು, 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆ ಆರ್‌ಸಿಯಲ್ಲಿರುವ ಮಾಲೀಕರಿಗೆ ಮಾತ್ರ. ಗಾಡಿ ಮಗನ ಹೆಸರಲ್ಲಿದ್ದು ಅಪ್ಪ ಓಡಿಸುತ್ತಿದ್ದರೆ ಅಪ್ಪನಿಗೆ ಅದು ಅನ್ವಯಿಸದು.

ಹಳೇ ಗಾಡಿಯೇ ವಿದೇಶದಲ್ಲಿರುವವರ ಹೆಸರಲ್ಲಿದ್ದರೆ ರಜೆಗೆ ಬಂದಾಗ ಮುಗಿಸುವುದು ಉತ್ತಮ. ಆಗದಿದ್ದರೆ ಆ ಗಾಡಿಯ ನಂಬರ್, ಛಾಸಿ ನಂಬರ್ ಬರೆದ ಅಧಿಕಾರ ಪತ್ರವನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆಧಾರ್‌ಗೆ ಜೋಡಿಸಿದ ಭಾರತದ ಸಿಮ್ ಜೀವಂತವಾಗಿರಲಿ, ಒಟಿಪಿ ಬರದೆ ಪರಿವಾಹನ್ (ವಾಹನ ದಾಖಲೆಗಳ ಸರ್ಕಾರಿ ವೆಬ್‌ಸೈಟ್) ಕೆಲಸ ನಿಂತುಹೋಗುತ್ತದೆ. ಮಾರಿದ ದುಡ್ಡು ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವವರ ಭಾರತದೊಳಗಿನ ಆದಾಯದ ಖಾತೆ) ಬರಬೇಕು, ವಿದೇಶದ ದುಡ್ಡು ಹಾಕುವ ಎನ್‌ಆರ್‌ಇಗೆ ಅಲ್ಲ.

ಮೈಸೂರಾ, ಬೆಂಗಳೂರಾ, ಯಾವಾಗ?

ಮಂಡ್ಯದ ಶೋರೂಮ್ ಮತ್ತು ಮೈಸೂರಿನ ಶೋರೂಮ್ ಎಷ್ಟೋ ಸಲ ಒಬ್ಬರೇ ಮಾಲೀಕರವು. ಅಲ್ಲಿಂದ ಎರಡು ಕೊಟೇಷನ್ ತಂದರೆ ಪೈಪೋಟಿ ಹುಟ್ಟುವುದಿಲ್ಲ. ಬಿಲ್ಲಿನ ಮೇಲಿನ ಕಂಪನಿ ಹೆಸರು ನೋಡಿ, ಬೇರೆಯವರದ್ದನ್ನು ಬೆಂಗಳೂರಿಂದ ತರಿಸಿ. ತೆರಿಗೆ ರಾಜ್ಯದೊಳಗೆ ಒಂದೇ, ಸರ್ವಿಸ್ ಮೈಸೂರಲ್ಲೇ ಆಗುತ್ತದೆ. ಆದರೆ ನಿಜವಾಗಿ ಅಲ್ಲಿ ಕೊಳ್ಳಲು 15,000ಕ್ಕಿಂತ ಹೆಚ್ಚು ಉಳಿಯಬೇಕು. ಹಳೇ ಗಾಡಿ ಒಪ್ಪಿಸುವುದು, ಆಮೇಲಿನ ಪತ್ರ ವ್ಯವಹಾರ ಎಲ್ಲಕ್ಕೂ ಅಪ್ಪ ಎಕ್ಸ್‌ಪ್ರೆಸ್‌ವೇ ಹಿಡಿಯಬೇಕಾಗುತ್ತದೆ.

ಆಷಾಢದಲ್ಲಿ ನಮ್ಮ ಕಡೆ ಡೆಲಿವರಿ ತೆಗೆದುಕೊಳ್ಳುವವರು ಕಡಿಮೆ, ಪಿತೃಪಕ್ಷದಲ್ಲೂ ಹಾಗೇ. ಬೆಲೆ ಮಾತಾಡುವುದಕ್ಕೆ ಅದೇ ಸಮಯ, ಅದರಲ್ಲೂ ತಿಂಗಳ ಕೊನೆಯ ನಾಲ್ಕು ದಿನ. ಆಯುಧಪೂಜೆಯ ಹಿಂದಿನ ವಾರ ಹೋದರೆ ಯಾರೂ ಬಗ್ಗುವುದಿಲ್ಲ. ಆಷಾಢದಲ್ಲಿ ಒಪ್ಪಂದ ಮಾಡಿ ಶ್ರಾವಣದಲ್ಲಿ ಗಾಡಿ ತೆಗೆಯುವವರು ಬುಕಿಂಗ್ ಫಾರಂ ತಿರುಗಿಸಿ ನೋಡಿ, "ಡೆಲಿವರಿ ದಿನದ ಬೆಲೆ ಅನ್ವಯ" ಎಂದಿರುತ್ತದೆ. ಡಿಸ್ಕೌಂಟ್ ಉಳಿಯುತ್ತದೆ ಎಂದು ಮ್ಯಾನೇಜರ್‌ರಿಂದ ಇಮೇಲ್ ಪಡೆಯಿರಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ರಾತ್ರಿ 9.30 ಅಂದರೆ ಮೈಸೂರಿನ ಮರುದಿನ ಬೆಳಿಗ್ಗೆ 10, ಶೋರೂಮ್ ಖಾಲಿ ಇರುವ ಹೊತ್ತು.

ಪೂರ್ತಿ ದುಡ್ಡು ಕಟ್ಟುವುದು, ನೋಂದಣಿಗೆ ಕಳಿಸುವುದು ಎರಡಕ್ಕೂ ಮುಂಚೆ ಗಾಡಿ ನೋಡಿಯಾಗಬೇಕು. ನೋಂದಣಿಯಾದ ಮೇಲೆ ಬೇಡ ಅನ್ನಲಾಗದು. ಗೊತ್ತಿರುವ ಮೆಕ್ಯಾನಿಕ್‌ನನ್ನು ಸ್ಟಾಕ್‌ಯಾರ್ಡಿಗೆ ಕಳಿಸಿ, ವಿಡಿಯೋ ಕಾಲಿನಲ್ಲಿ ನೀವೂ ಇರಿ. ಛಾಸಿ ನಂಬರ್ ಬಿಲ್ಲಿಗೆ ಹೊಂದಬೇಕು, ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರಂ 22ರಲ್ಲಿ ತಯಾರಾದ ತಿಂಗಳು ನೋಡಿ. ಟೈರಿನ ನಾಲ್ಕು ಅಂಕಿಯಲ್ಲಿ 2325 ಇದ್ದರೆ 2025ರ 23ನೇ ವಾರದ್ದು. ನಾಲ್ಕು ಟೈರಿನ ವಾರ ಹತ್ತಿರ ಹತ್ತಿರ ಇರಬೇಕು. ಹಿಂದಿನ ವರ್ಷ ತಯಾರಾದ ಗಾಡಿಯಾದರೆ ಇನ್ನಷ್ಟು ಇಳಿಸಿ ಕೇಳಿ, ಮುಂದೆ ಮಾರುವಾಗ ಆ ಒಂದು ವರ್ಷ ನಿಮ್ಮ ತಲೆಗೇ ಬರುತ್ತದೆ.

ಹಳೆಯದನ್ನು ಒಪ್ಪಿಸಿದ ದಿನವೇ ಬ್ಯಾಂಕಿಗೆ ಹೇಳಿ ಫಾಸ್ಟ್ಯಾಗ್ ಮುಚ್ಚಿಸಿ, ಗಾಜಿನ ಮೇಲಿಂದ ಕಿತ್ತುಹಾಕಿಸಿ. ಇಲ್ಲದಿದ್ದರೆ ಗಣಂಗೂರು ಟೋಲ್ ದಾಟುವವರು ಬೇರೆ, ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಆಮೇಲೆ ಹದಿನೈದು ದಿನಕ್ಕೊಮ್ಮೆ ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತಿರಿ. ಮಾಲೀಕರ ಹೆಸರಿನ ಅಕ್ಷರಗಳು ಬದಲಾದ ದಿನ ಅದರ ಚಿತ್ರ ಉಳಿಸಿಕೊಂಡು, ಠೇವಣಿ ಹಿಡಿದಿದ್ದರೆ ಅವತ್ತೇ ವಾಪಸ್ ಕೊಡಿ.