ಟು ಸ್ಟ್ರೋಕ್ ಸ್ನೋಮೊಬೈಲ್‌ಗೆ ‘ಎಂಜಿನ್ ಆಯಿಲ್ ಚೇಂಜ್’ ಅಂತ ಎರಡು ಸಲ ದುಡ್ಡು ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಬರೆಯಲೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ಆದರೆ ಅಮೆರಿಕದ ಮಿನೆಸೋಟಾದಲ್ಲಿರುವ ನಮ್ಮವರು ಈಗ ಸುಮಾರು ಜನ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡಿಸುವ ಗಾಡಿ, ಕೊಳ್ಳುತ್ತಿದ್ದಾರೆ, ಡಿಸೆಂಬರ್ 1ಕ್ಕೆ ಅವು ಓಡುವ ಹಾದಿಗಳು, ಟ್ರೇಲ್‌ಗಳು, ತೆರೆಯುತ್ತವೆ, ನನ್ನ ದುಡ್ಡು ನುಂಗಿದ ಆ ಮನುಷ್ಯ ಈ ವರ್ಷವೂ ಅದೇ ಜಾಹೀರಾತು ಹಾಕಿದ್ದಾನೆ. ಅದನ್ನು ನೋಡಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ಕಳೆದ ವರ್ಷ ನವೆಂಬರ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತೆಗೆದುಕೊಂಡೆ. 600 ಸಿಸಿ, ಟು ಸ್ಟ್ರೋಕ್. ಗಾಡಿ ಚೆನ್ನಾಗಿದೆ, ಮಾರಿದವರ ಮೇಲೆ ನನಗೆ ಯಾವ ದೂರೂ ಇಲ್ಲ. ಮ್ಯಾನ್ಯುಯಲ್ ಕೂಡ ಜೋಪಾನವಾಗಿ ಇಟ್ಟು ಕೊಟ್ಟಿದ್ದರು. ನಾನು ಅದನ್ನು ಓದಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆ ವಾರವೇ ಜಾಹೀರಾತು ಕಣ್ಣಿಗೆ ಬಿತ್ತು. ನಿಮ್ಮ ಮನೆಗೇ ಬಂದು ಸ್ನೋಮೊಬೈಲ್ ಎಂಜಿನ್ ಆಯಿಲ್ ಬದಲಾಯಿಸುತ್ತೇವೆ, ಫಿಲ್ಟರ್ ಸೇರಿ 190 ಡಾಲರ್. ನನ್ನ ಹತ್ತಿರ ಆಗ ಟ್ರೇಲರ್ ಇರಲಿಲ್ಲ, ಗಾಡಿಯನ್ನು ಅಂಗಡಿಗೆ ಒಯ್ಯುವುದು ತಲೆನೋವು, ಮನೆಗೇ ಬರುತ್ತಾನಲ್ಲ ಅಂತ ಕರೆದೆ. ಫೋನಿನಲ್ಲಿ ಯಾವ ಎಂಜಿನ್ ಅಂತ ಕೇಳಿದ. ಟು ಸ್ಟ್ರೋಕ್ ಅಂತ ನಾನೇ ಬಾಯಿಬಿಟ್ಟು ಹೇಳಿದೆ. ಇದನ್ನು ದಯವಿಟ್ಟು ಗಮನಿಸಿ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದ.

ಬಂದವನು ಎಂಜಿನ್ ಸ್ಟಾರ್ಟ್ ಮಾಡಿ ಐದಾರು ನಿಮಿಷ ಓಡಿಸಿದ. ಆಯಿಲ್ ಬಿಸಿಯಾದರೆ ಚೆನ್ನಾಗಿ ಇಳಿಯುತ್ತೆ ಅಂದ. ಗ್ಯಾರೇಜ್ ತುಂಬಾ ಹೊಗೆ. “ನೀವು ಒಳಗೆ ಹೋಗಿ, ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ” ಅಂತ ನನ್ನ ಆರೋಗ್ಯದ ಬಗ್ಗೆ ಕಾಳಜಿ ಇರುವವನ ಹಾಗೆ ಹೇಳಿದ. ಹೊಗೆ ಅಪಾಯ ಅನ್ನೋದು ನಿಜವೇ ಅಲ್ವಾ, ಹಾಗಾಗಿ ನಂಬಿ ಒಳಗೆ ಹೋದೆ. ಇಪ್ಪತ್ತು ನಿಮಿಷ ಬಿಟ್ಟು ಕರೆದ. ಹೋಗಿ ನೋಡಿದರೆ ಒಂದು ತಟ್ಟೆ ತುಂಬ ಕಪ್ಪು ಆಯಿಲ್, ಮೂರು ಲೀಟರ್ ಇರಬಹುದು. “ನೋಡಿ, ಎಷ್ಟು ಹಾಳಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಎಂಜಿನ್ ಹೋಗುತ್ತಿತ್ತು.” ನಾನು ಬೆರಳು ಅದ್ದಿ ನೋಡಿದೆ. ತಣ್ಣಗೆ ಕೊರೆಯುತ್ತಿತ್ತು, ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ ಬೆರಳಿಗೆ ಅಂಟಿಕೊಂಡಿತು. ಆಗಷ್ಟೇ ಎಂಜಿನ್ ಓಡಿಸಿ ಬಿಸಿ ಮಾಡಿ ಇಳಿಸಿದ ಆಯಿಲ್ ಇಷ್ಟು ತಣ್ಣಗೆ ಹೇಗಿರುತ್ತೆ? ಆಗ ಹೊಳೆಯಲೇ ಇಲ್ಲ. ಈಗ ದಿನಾ ರಾತ್ರಿ ಅದೇ ನೆನಪಾಗುತ್ತೆ. ಬೆರಳು ಅದ್ದಿದ್ದೆ, ಕೈಗೆ ತಣ್ಣಗೆ ಹತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಒಂದು ಪ್ರಶ್ನೆ ಮಾತ್ರ ಕೇಳಿದ್ದೆ. ಹಾಗಾದರೆ ಗಾಡಿಯ ಮುಂಭಾಗದಲ್ಲಿರುವ ಆಯಿಲ್ ಟ್ಯಾಂಕ್‌ಗೆ ಹಾಕುವ ನೀಲಿ ಆಯಿಲ್ ಯಾವುದು ಅಂತ. “ಅದು ಪೆಟ್ರೋಲ್ ಜೊತೆ ಉರಿಯೋಕೆ, ಇದು ಒಳಗೆ ತಿರುಗುವ ದಂಡಕ್ಕೆ, ಕ್ರ್ಯಾಂಕ್‌ಗೆ, ಎರಡೂ ಬೇರೆ ಬೇರೆ” ಅಂದ. ಒಂದು ಚೂರೂ ತಡವರಿಸಲಿಲ್ಲ. ಹಳೇ ಫಿಲ್ಟರ್ ಅಂತ ಒಂದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೈಗೆ ಕೊಟ್ಟ, ಬದಲಾಯಿಸಿದ್ದಕ್ಕೆ ಸಾಕ್ಷಿ ಇರಲಿ ಅಂತ. 190 ಡಾಲರ್ ನಗದು ಕೊಟ್ಟೆ. ಬಿಲ್ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಅವನೇ ಫೋನ್ ಮಾಡಿದ. ಬೇಸಿಗೆಗೆ ಗಾಡಿ ನಿಲ್ಲಿಸುವ ಮೊದಲು ಇನ್ನೊಂದು ಸಲ ಬದಲಾಯಿಸಬೇಕು ಅಂದ. ಮತ್ತೆ 190. ಒಟ್ಟು 380 ಡಾಲರ್. ಅದಕ್ಕಿಂತ ಹೊಟ್ಟೆ ಉರಿಯುವ ವಿಷಯ ಏನಂದರೆ, ಒಳ್ಳೆ ಕೆಲಸಗಾರ, ನಂಬಬಹುದು ಅಂತ ನಮ್ಮ ಇಬ್ಬರು ಕನ್ನಡದ ಸ್ನೇಹಿತರಿಗೆ ಅವನ ನಂಬರ್ ಕೊಟ್ಟವನೂ ನಾನೇ. ಅವರ ಗಾಡಿಗಳೂ ಟು ಸ್ಟ್ರೋಕೇ.

ಈ ವರ್ಷ ದುಡ್ಡು ಉಳಿಸೋಣ, ಮನೆಯಲ್ಲಿ ನಾನೇ ಬದಲಾಯಿಸೋಣ ಅಂದುಕೊಂಡೆ. ಗ್ಯಾರೇಜ್ ನೆಲಕ್ಕೆ ರಟ್ಟು ಹಾಸಿಕೊಂಡು, ತಲೆಗೆ ಟಾರ್ಚ್ ಕಟ್ಟಿಕೊಂಡು, ಆಯಿಲ್ ಇಳಿಸುವ ಡ್ರೇನ್ ಬೋಲ್ಟ್ ಎಲ್ಲಿದೆ ಅಂತ ಮುಕ್ಕಾಲು ಗಂಟೆ ಹುಡುಕಿದೆ. ಸಿಗಲಿಲ್ಲ. ನನಗೇ ಗೊತ್ತಾಗುತ್ತಿಲ್ಲ ಅಂದುಕೊಂಡು, ಆ ಹಳೇ ಫಿಲ್ಟರ್ ಹಿಡಿದುಕೊಂಡು ಬಿಡಿಭಾಗದ ಅಂಗಡಿಗೆ ಹೋದೆ, ಇಂಥದ್ದೇ ಒಂದು ಕೊಡಿ ಅಂತ. ಕೌಂಟರ್‌ನಲ್ಲಿದ್ದ ಹಿರಿಯರು ಫಿಲ್ಟರ್ ತಿರುಗಿಸಿ ನಂಬರ್ ನೋಡಿದರು. ಇದು ಕಾರಿನದ್ದು ಅಂದರು. ಆಮೇಲೆ ಗಾಡಿ ಯಾವುದು, ಯಾವ ವರ್ಷದ್ದು ಅಂತ ಕೇಳಿ ಕಂಪ್ಯೂಟರ್‌ನಲ್ಲಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇದು ಟು ಸ್ಟ್ರೋಕ್. ಇದರಲ್ಲಿ ಬದಲಾಯಿಸೋಕೆ ಎಂಜಿನ್ ಆಯಿಲ್ಲೇ ಇಲ್ಲ.”

ಅವರು ನಗಲಿಲ್ಲ, ಅದು ಅವರ ದೊಡ್ಡತನ. ನನಗೆ ಮಾತ್ರ ಕಿವಿಯೆಲ್ಲ ಬಿಸಿಯಾಯಿತು. ಹಿಂದೆ ಸಾಲಿನಲ್ಲಿ ಇಬ್ಬರು ನಿಂತಿದ್ದರು.

ಅವರೇ ಬಿಡಿಸಿ ಹೇಳಿದರು. ಟು ಸ್ಟ್ರೋಕ್‌ನಲ್ಲಿ ಪೆಟ್ರೋಲು ಗಾಳಿ ಬೆರೆತ ಮಿಶ್ರಣವೇ ಕ್ರ್ಯಾಂಕ್ ಕೂತಿರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸ್ ಮೂಲಕ ಮೇಲಕ್ಕೆ ಹೋಗುತ್ತೆ, ಅಲ್ಲಿ ಲೀಟರ್‌ಗಟ್ಟಲೆ ಆಯಿಲ್ ನಿಲ್ಲೋಕೆ ಜಾಗವೇ ಇಲ್ಲ. ಟ್ಯಾಂಕ್‌ಗೆ ಹಾಕುವ ನೀಲಿ ಆಯಿಲ್ಲೇ ಕ್ರ್ಯಾಂಕ್‌ಗೂ ಪಿಸ್ಟನ್‌ಗೂ ಹೋಗಿ ಕೊನೆಗೆ ಉರಿದುಹೋಗುತ್ತೆ. ಮುಗಿದಂತೆ ಮತ್ತೆ ತುಂಬಬೇಕು, ಅಷ್ಟೇ. ಫೋರ್ ಸ್ಟ್ರೋಕ್ ಸ್ನೋಮೊಬೈಲ್‌ಗೆ ಮಾತ್ರ ಕಾರಿನ ಹಾಗೆ ಆಯಿಲ್, ಫಿಲ್ಟರ್ ಬದಲಾಯಿಸಬೇಕು.

ನಾನು ಹಾಸನದಲ್ಲಿ ಬೆಳೆದವನು. ನಮ್ಮಪ್ಪನ ಹತ್ತಿರ ಮೈಸೂರಿನಲ್ಲೇ ತಯಾರಾದ ಯೆಜ್ಡಿ ಬೈಕ್ ಇತ್ತು, ಅದೂ ಟು ಸ್ಟ್ರೋಕೇ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವಾಗಲೆಲ್ಲ 2ಟಿ ಆಯಿಲ್ ಸೇರಿಸಿಸುತ್ತಿದ್ದರು, ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆ ರಾತ್ರಿ ಫೋನ್ ಮಾಡಿ ಹೇಳಿದರೆ ಅಪ್ಪ ಒಂದೇ ಮಾತು ಕೇಳಿದರು: “ಯೆಜ್ಡಿಗೆ ಗೇರ್ ಆಯಿಲ್ ಬಿಟ್ಟು ಬೇರೆ ಏನಾದ್ರೂ ಬದಲಾಯಿಸಿದ್ದು ನೋಡಿದ್ಯೇನೋ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲು ಮರ್ಯಾದೆಯಿಂದಲೇ ಮೆಸೇಜ್ ಹಾಕಿದೆ, ಟು ಸ್ಟ್ರೋಕ್‌ಗೆ ಏನು ಬದಲಾಯಿಸಿದಿರಿ ಅಂತ. “ಫುಲ್ ಸರ್ವಿಸ್ ಮಾಡಿದ್ದೇನೆ, ನಿಮ್ಮ ಎದುರೇ ಮಾಡಿದ್ದು.” ಎದುರಲ್ಲ, ನನ್ನನ್ನು ಒಳಗೆ ಕಳಿಸಿ ಮಾಡಿದ್ದು ಅಂದೆ. “ಮುಂಭಾಗದ ಟ್ಯಾಂಕ್‌ನ ಆಯಿಲ್ ತೆಗೆದು ಹೊಸದು ಹಾಕಿದೆ, ಅದೂ ಆಯಿಲ್ ಚೇಂಜೇ.” ಹಾಗಾದರೆ ತಟ್ಟೆಯಲ್ಲಿದ್ದ ಕಪ್ಪು ಆಯಿಲ್ ಯಾವುದು, ಟ್ಯಾಂಕ್‌ನಲ್ಲಿದ್ದದ್ದು ನೀಲಿ ಅಲ್ವಾ ಅಂದೆ. ಎರಡು ದಿನ ಉತ್ತರವಿಲ್ಲ. ಫಿಲ್ಟರ್ ಫೋಟೋ ಕಳಿಸಿದೆ. “ಇದು ನನ್ನದು ಅನ್ನೋಕೆ ಏನು ಸಾಕ್ಷಿ?” ಅಂದ! ಸಾಕ್ಷಿ ಇರಲಿ ಅಂತ ಅವನೇ ಕೊಟ್ಟ ಫಿಲ್ಟರ್! ಆಮೇಲೆ ಬಂತು ನೋಡಿ: “ನೀನು ಬಿಸಿಲಿನ ದೇಶದಿಂದ ಬಂದವನು, ಹಿಮದ ಗಾಡಿ ಬಗ್ಗೆ ನಿನಗೇನು ಗೊತ್ತು? ಮುಂದಿನ ಸರ್ವಿಸ್‌ಗೆ 50 ಡಾಲರ್ ಕಡಿಮೆ ಮಾಡಿಕೊಡುತ್ತೇನೆ.” ಇಷ್ಟೆಲ್ಲ ಆದ ಮೇಲೂ ಮುಂದಿನ ಸರ್ವಿಸ್ ಅನ್ನುತ್ತಾನೆ. ದುಡ್ಡು ವಾಪಸ್ ಕೊಡಿ ಅಂದ ತಕ್ಷಣ ಬ್ಲಾಕ್ ಮಾಡಿದ.

ಇನ್ನೊಂದು ವಿಷಯ. ನಿಜವಾಗಿ ಬದಲಾಯಿಸಬೇಕಾಗಿದ್ದ ಆಯಿಲ್ ಒಂದಿತ್ತು, ಚೈನ್ ಕೇಸ್‌ನದ್ದು. ಎಂಜಿನ್ ಶಕ್ತಿಯನ್ನು ಗಾಡಿ ತಳ್ಳುವ ಪಟ್ಟಿಗೆ, ಟ್ರ್ಯಾಕ್‌ಗೆ, ಮುಟ್ಟಿಸುವ ಚೈನು ಆ ಆಯಿಲ್‌ನಲ್ಲೇ ತಿರುಗೋದು. ಈ ಸಲ ಮ್ಯಾನ್ಯುಯಲ್ ಮುಂದಿಟ್ಟುಕೊಂಡು ನಾನೇ ತೆಗೆದೆ. ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಕಬ್ಬಿಣದ ಪುಡಿ ಮುದ್ದೆಯಾಗಿ ಕೂತಿತ್ತು, ಚೈನ್ ಸಡಿಲವಾಗಿತ್ತು. ಎರಡು ಸಲ ಬಂದವನು ಅದನ್ನು ಮುಟ್ಟಿಯೂ ನೋಡಿಲ್ಲ. ಊರಿಂದ 30 ಮೈಲಿ ದೂರ, ಮೈನಸ್ 20ರ ಚಳಿಯಲ್ಲಿ ಆ ಚೈನ್ ಕಡಿದಿದ್ದರೆ ಏನು ಗತಿ? ನನ್ನ ಹಿಂದೆ ಮಗಳು ಕೂತಿರುತ್ತಿದ್ದಳು. ದುಡ್ಡಿಗಿಂತ ಈ ಸಿಟ್ಟು ಜಾಸ್ತಿ.

ನಿಮ್ಮದು ಟು ಸ್ಟ್ರೋಕ್ ಆದರೆ ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸುತ್ತೇನೆ ಅನ್ನುವವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಫೋರ್ ಸ್ಟ್ರೋಕ್ ಆದರೆ ಪಕ್ಕದಲ್ಲೇ ನಿಲ್ಲಿ, ಎಂಜಿನ್ ಓಡಿಸುವುದಾದರೆ ಗಾಡಿಯನ್ನು ಗ್ಯಾರೇಜ್‌ನಿಂದ ಹೊರಗೆ ತರಿಸಿ, ಮನೆಯೊಳಗೆ ಹೋಗು ಅಂದರೆ ಹೋಗಬೇಡಿ. ಇಳಿಯುವ ಆಯಿಲ್ ಬೆಚ್ಚಗಿರಬೇಕು. ಕೆಲವು ಫೋರ್ ಸ್ಟ್ರೋಕ್‌ಗಳಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್ ಇರುತ್ತೆ, ಅದನ್ನೂ ಖಾಲಿ ಮಾಡಬೇಕು, ಕ್ರ್ಯಾಂಕ್ ಕೇಸನ್ನೂ ಖಾಲಿ ಮಾಡಬೇಕು. ಮಟ್ಟ ನೋಡುವ ರೀತಿ ಮ್ಯಾನ್ಯುಯಲ್‌ನಲ್ಲಿದೆ, ಹಾಗೇ ನೋಡಿ. ಅಂಥ ಎಂಜಿನ್ ತಣ್ಣಗಿರುವಾಗ ಕಡ್ಡಿ ಅದ್ದಿ ಕಡಿಮೆ ಇದೆ ಅಂತ ಸುರಿದರೆ ಜಾಸ್ತಿಯಾಗಿ ಎಂಜಿನ್‌ಗೆ ಗಾಳಿ ಹೋಗುವ ಏರ್ ಬಾಕ್ಸ್‌ಗೆ ಉಕ್ಕುತ್ತೆ. ಬಿಲ್ ಇಲ್ಲದೆ ಒಂದು ಡಾಲರ್ ಕೊಡಬೇಡಿ.

ಗ್ರಾಹಕರ ದೂರು ತೆಗೆದುಕೊಳ್ಳುವ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರು ಬರೆದು ಫಿಲ್ಟರ್ ಫೋಟೋ, ಮೆಸೇಜ್‌ಗಳು ಎಲ್ಲ ಸೇರಿಸಿ ಕಳಿಸಿದ್ದೇನೆ. ಸ್ನೇಹಿತರಿಬ್ಬರಿಗೂ ನಿನ್ನೆ ಮನೆಗೇ ಹೋಗಿ ವಿಷಯ ಹೇಳಿದೆ. ಅವರ 190, 190 ನಾನೇ ಕೊಡುತ್ತೇನೆ ಅಂದೆ. ಒಬ್ಬರು ಬೇಡವೇ ಬೇಡ ಅಂದರು. ಇನ್ನೊಬ್ಬರು ಏನೂ ಮಾತಾಡದೆ ಎದ್ದು ಗ್ಯಾರೇಜ್‌ಗೆ ಹೋದರು, ಒಂದು ಪ್ಲಾಸ್ಟಿಕ್ ಕವರ್ ತಂದು ಮೇಜಿನ ಮೇಲಿಟ್ಟರು. ಅದರಲ್ಲೂ ಅದೇ ನಂಬರ್‌ನ ಕಾರಿನ ಫಿಲ್ಟರ್ ಇತ್ತು.