ಆರ್‌ಎಫ್ ಓವನ್ ಮಾಡೆಲಿಂಗ್‌ಗೆ ಕಾಮ್ಸಾಲ್: ಚಿತ್ರ ನಂಬಬಹುದು, ಡಿಗ್ರಿ ಅಳೆದೇ ನೋಡಬೇಕು

ಆಹಾರವನ್ನು ರೇಡಿಯೋ ತರಂಗದಿಂದ (ಆರ್‌ಎಫ್) ಬಿಸಿ ಮಾಡುವ ಓವನ್‌ಗಳ ಮಾಡೆಲಿಂಗ್ ನನ್ನ ಕೆಲಸ. ಓವನ್ ಅಂದರೆ ಎರಡು ಲೋಹದ ತಟ್ಟೆ, ನಡುವೆ ಹಿಟ್ಟೋ ಬಾದಾಮಿಯೋ ತುಂಬಿದ ಡಬ್ಬಿ, ತಟ್ಟೆಗಳ ಮಧ್ಯೆ 27.12 ಮೆಗಾಹರ್ಟ್ಸ್‌ನಲ್ಲಿ ಸಾವಿರಾರು ವೋಲ್ಟ್. ನೋಡೋಕೆ ಇಷ್ಟೇ. ಆದರೆ ಡಬ್ಬಿಯ ಒಳಗೆ ಎಲ್ಲಿ ಎಷ್ಟು ಬಿಸಿ ಆಗ್ತಿದೆ ಅನ್ನೋದು ಹೊರಗಿಂದ ಗೊತ್ತಾಗೋದಿಲ್ಲ. ಅದನ್ನು ಲೆಕ್ಕ ಹಾಕೋಕೆ ನಾನು ಬಳಸುವುದು ಕಾಮ್ಸಾಲ್ ಮಲ್ಟಿಫಿಸಿಕ್ಸ್ ಅನ್ನೋ ಸಾಫ್ಟ್‌ವೇರ್. ಹಳಬರಿಗೆ ಇದು ಫೆಮ್‌ಲ್ಯಾಬ್ ಅಂದರೆ ಬೇಗ ಹೊಳೆಯುತ್ತದೆ. ಈಗಿನ ಹೆಸರು ಬಂದಿದ್ದು 2005ರಲ್ಲಿ.

ಮೊದಲು ಇದರಲ್ಲಿ ಇಷ್ಟವಾಗಿದ್ದು ಹೇಳ್ತೀನಿ. ವಿದ್ಯುತ್ ಕ್ಷೇತ್ರ, ಶಾಖ ಎರಡನ್ನೂ ಒಟ್ಟಿಗೆ ಬಿಡಿಸುತ್ತದೆ. ಈ ಕೆಲಸಕ್ಕೆ ಇದು ಬೇಕೇ ಬೇಕು. ಆಹಾರ ಬಿಸಿಯಾದಂತೆ ಅದರ ಲಾಸ್ ಫ್ಯಾಕ್ಟರ್ (ಕ್ಷೇತ್ರದ ಶಕ್ತಿಯನ್ನು ಎಷ್ಟು ಶಾಖವಾಗಿಸುತ್ತದೆ ಅನ್ನೋ ಅಳತೆ) ಬದಲಾಗುತ್ತದೆ, ಅದು ಬದಲಾದರೆ ಬಿಸಿಯಾಗುವ ವೇಗವೂ ಬದಲಾಗುತ್ತದೆ. ಉಪ್ಪು, ತೇವ ಇರುವ ಪದಾರ್ಥದಲ್ಲಿ ಬಿಸಿಯಾದ ಜಾಗವೇ ಇನ್ನಷ್ಟು ಶಕ್ತಿ ಎಳೆದುಕೊಳ್ಳುತ್ತದೆ. ಫ್ರೋಜನ್ ಮಾಂಸ ಕರಗಿಸುವಾಗ ಈ ಕಾಟ ಜಾಸ್ತಿ. ಮಂಜುಗಡ್ಡೆ ಶಕ್ತಿ ಹೀರೋದು ಕಡಿಮೆ, ಕರಗಿದ ನೀರು ಹೀರೋದು ಜಾಸ್ತಿ. ಹಾಗಾಗಿ ಮೂಲೆ ಬೆಂದುಹೋಗಿ ನಡುಭಾಗ ಇನ್ನೂ ಕಲ್ಲಿನ ಹಾಗೆ ಇರುತ್ತದೆ. ಇಂಥ ಕಡೆ ಯಾವ ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ಆದರೂ ಏದುಸಿರು ಬಿಡುತ್ತದೆ. ಟೈಮ್ ಸ್ಟೆಪ್, ಅಂದರೆ ಲೆಕ್ಕ ಮುಂದೆ ಸಾಗುವ ಸಮಯದ ಹೆಜ್ಜೆ, ಸಣ್ಣದಾಗಲೇಬೇಕು.

ಒಣ ಪದಾರ್ಥಕ್ಕಾದರೆ ಲೆಕ್ಕ ಹಗುರ. 27.12 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 11 ಮೀಟರ್. ಲ್ಯಾಬ್ ಓವನ್ ಅದರ ಮುಂದೆ ಬಹಳ ಚಿಕ್ಕದು. ಹಾಗಾಗಿ ಪೂರ್ತಿ ತರಂಗ ಸಮೀಕರಣದ ತಂಟೆಗೇ ಹೋಗಬೇಕಿಲ್ಲ. ಪ್ರತಿ ಬಿಂದುವಿನಲ್ಲಿ ವೋಲ್ಟೇಜ್ ಒಂದನ್ನೇ ಕಂಡುಹಿಡಿದರೆ ಸಾಕು. ಕಾಮ್ಸಾಲ್‌ನಲ್ಲಿ ವಿದ್ಯುತ್ ಲೆಕ್ಕಕ್ಕಿರುವ ಎಸಿ/ಡಿಸಿ ಮಾಡ್ಯೂಲ್‌ನ ಎಲೆಕ್ಟ್ರಿಕ್ ಕರೆಂಟ್ಸ್‌ಗೆ ಹೀಟ್ ಟ್ರಾನ್ಸ್‌ಫರ್ ಜೋಡಿಸಿದರೆ ಸಾಧಾರಣ ವರ್ಕ್‌ಸ್ಟೇಷನ್‌ನಲ್ಲೂ ಓಡುತ್ತದೆ. 2450 ಮೆಗಾಹರ್ಟ್ಸ್‌ನ ಮೈಕ್ರೋವೇವ್‌ಗೆ ಈ ಸುಖ ಇಲ್ಲ. ಅಲ್ಲಿ ತರಂಗಾಂತರ 12 ಸೆಂಟಿಮೀಟರ್ ಅಷ್ಟೇ.

ಇನ್ನು ಲೆಕ್ಕದಿಂದ ಬರುವ ತಾಪಮಾನದ ಚಿತ್ರ. ಅಂಚು, ಮೂಲೆಗಳು ಕೆಂಪಗೆ, ಅಂದರೆ ಹೆಚ್ಚು ಬಿಸಿ; ನಡುಭಾಗ ನೀಲಿ, ಅಂದರೆ ಕಡಿಮೆ ಬಿಸಿ. ಡಬ್ಬಿಯ ಪಕ್ಕದ ಗಾಳಿಯಿಂದ ಕ್ಷೇತ್ರ ಬಾಗಿ ಅಂಚಿನಲ್ಲಿ ಒತ್ತಾಗುತ್ತದೆ, ಅದಕ್ಕೇ ಹೀಗೆ. ಡಬ್ಬಿಯ ಸುತ್ತ ಪಾಲಿಎಥರಿಮೈಡ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆ ಇಟ್ಟರೆ ಏನಾಗುತ್ತೆ, ಮೇಲಿನ ತಟ್ಟೆ ಇನ್ನೊಂದು ಸೆಂಟಿಮೀಟರ್ ಎತ್ತಿದರೆ ಏನಾಗುತ್ತೆ, ಮೂಲೆ ದುಂಡಗೆ ಮಾಡಿದರೆ ಹೇಗೆ? ಇಂಥ ಪ್ರಶ್ನೆಗಳಿಗೆ ಈ ಸಾಫ್ಟ್‌ವೇರ್ ಚಿನ್ನ. ಎರಡು ವಿನ್ಯಾಸದಲ್ಲಿ ಯಾವುದು ಮೇಲು ಅಂತ ಕೇಳಿ, ಭರವಸೆಯಿಂದ ಉತ್ತರ ತೆಗೆದುಕೊಳ್ಳಬಹುದು.

ಆದರೆ ನಿಖರ ತಾಪಮಾನ ಕೇಳಿದರೆ ಮಾತು ಬೇರೆ. ಬಿಸಿಯಾಗುವ ವೇಗ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ. 10 ಹೆಚ್ಚು ಕೊಟ್ಟರೆ ಶಾಖ ಶೇ. 21 ಹೆಚ್ಚುತ್ತದೆ. ಓಡುತ್ತಿರುವ ಓವನ್‌ನಲ್ಲಿ ತಟ್ಟೆಯ ವೋಲ್ಟೇಜ್ ಅಳೆಯೋದು ಸುಲಭ ಅಲ್ಲ. ಹಾಗಾಗಿ ಎಲ್ಲರೂ ಮಾಡೋದು ಒಂದೇ: ಪ್ರಯೋಗದ ತಾಪಮಾನಕ್ಕೆ ಹೊಂದುವ ತನಕ ಮಾಡೆಲ್‌ನ ವೋಲ್ಟೇಜ್ ತಿರುಗಿಸುವುದು. ಆಮೇಲೆ 'ಮಾಡೆಲ್ ಪ್ರಯೋಗಕ್ಕೆ ಹೊಂದಿತು' ಅಂತ ಬರೆಯುವುದು. ಹೊಂದಿಸಿದ್ದು ನಾವೇ ಅಲ್ವಾ! ಅದೇ ವೋಲ್ಟೇಜ್ ಇಟ್ಟು ಬೇರೆ ಎತ್ತರ, ಬೇರೆ ತೂಕದ ಡಬ್ಬಿಗೂ ಉತ್ತರ ಸರಿ ಬಂತಾ? ಅಷ್ಟು ನೋಡಿದ ಮೇಲೆ ಮಾತ್ರ ನಾನು ಒಪ್ಪುವುದು.

ಡೈಎಲೆಕ್ಟ್ರಿಕ್ ಗುಣಗಳದ್ದೂ (ವಿದ್ಯುತ್ ಕ್ಷೇತ್ರಕ್ಕೆ ಪದಾರ್ಥ ಹೇಗೆ ಸ್ಪಂದಿಸುತ್ತದೆ ಅನ್ನೋದು; ಲಾಸ್ ಫ್ಯಾಕ್ಟರ್ ಅದರಲ್ಲೊಂದು) ಇದೇ ಕಥೆ. ಗೋಧಿ ಹಿಟ್ಟು ಅಂತ ಆರಿಸಿದರೆ ಬಂದುಬಿಡುವ ಸಂಖ್ಯೆ ಅಲ್ಲ ಅದು. ತೇವ, ತಾಪಮಾನ, ಎಷ್ಟು ಒತ್ತಿ ತುಂಬಿದ್ದೀರಿ ಎಲ್ಲದರ ಮೇಲೂ ನಿಂತಿದೆ. ನಿಮ್ಮ ಹಿಟ್ಟನ್ನು ನೀವೇ ಅಳೆದು ಟೇಬಲ್ ಮಾಡಿ ಕೊಡಬೇಕು. ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ತುಂಡು ಮಾಡಿದ ಜಾಲರಿ, ಸಣ್ಣದು ಮಾಡುತ್ತಾ ಉತ್ತರ ಬದಲಾಗುವುದು ನಿಂತಿತಾ ಅಂತ ನೋಡುವುದಂತೂ ಇದ್ದದ್ದೇ.

ತಾಳೆ ನೋಡುವಾಗ ಲೋಹದ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಚುಚ್ಚಿಟ್ಟು ಆರ್‌ಎಫ್ ಆನ್ ಮಾಡಬೇಡಿ, ಅದೇ ಕ್ಷೇತ್ರವನ್ನು ಕೆಡಿಸುತ್ತದೆ. ಬೇಕಿರುವುದು ಫೈಬರ್ ಆಪ್ಟಿಕ್ ಸೆನ್ಸರ್. ಪದರಗಳ ನಡುವೆ ತೆಳು ಬಟ್ಟೆ ಹಾಕಿಟ್ಟು, ಓವನ್ ನಿಲ್ಲಿಸಿದ ಕೂಡಲೇ ಒಂದೊಂದೇ ಪದರ ತೆಗೆದು ಥರ್ಮಲ್ ಕ್ಯಾಮೆರಾದಲ್ಲಿ ಹಿಡಿಯುವುದೂ ಚೆನ್ನಾಗಿ ನಡೆಯುತ್ತದೆ. ಕೈ ಚುರುಕಾಗಿರಬೇಕು ಅಷ್ಟೇ.

ದೊಡ್ಡ ಕಾರ್ಖಾನೆ ಓವನ್ ಮಾಡುವವರಿಗೆ ಒಂದು ಮಾತು. ತಟ್ಟೆಯೇ ಎರಡು ಮೂರು ಮೀಟರ್ ಉದ್ದ ಇದ್ದರೆ ಅದು ತರಂಗಾಂತರದ ಕಾಲು ಭಾಗದ ಹತ್ತಿರ ಬಂತು. ತಟ್ಟೆಯ ಉದ್ದಕ್ಕೂ ವೋಲ್ಟೇಜ್ ಒಂದೇ ಇರುವುದಿಲ್ಲ. ಅಲ್ಲಿ ಮೇಲೆ ಹೇಳಿದ ಸುಲಭದ ದಾರಿ ಬಿಟ್ಟು ಪೂರ್ತಿ ತರಂಗದ ಲೆಕ್ಕಕ್ಕೇ ಹೋಗಿ.

ಹತ್ತಾರು ವಿನ್ಯಾಸ ಹೋಲಿಸುವ ಕೆಲಸ ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಒಂದೇ ಪದಾರ್ಥ, ಒಂದೇ ಅಳತೆಯ ಡಬ್ಬಿ ಆದರೆ ಲೈಸೆನ್ಸ್‌ಗೆ ಹಾಕುವ ದುಡ್ಡನ್ನು ಸೆನ್ಸರ್‌ಗಳಿಗೇ ಹಾಕಿ.